ಕಟ್ಟಿದ್ದು ಮೂರು, ಬೆಳೆದದ್ದು ಒಂದು

ನಮ್ಮ ಊರಿನಲ್ಲಿ ಹಳೆಯ ಮನೆ ಕೊಳ್ಳಲು ಹೋದವರು ತೊಲೆಗೆ ಗೆದ್ದಲು ಹತ್ತಿದೆಯೇ, ಹಂಚು ಸೋರುತ್ತದೆಯೇ ಎಂಬುದನ್ನೆಲ್ಲ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, "ಕಟ್ಟಿದ್ದೆಷ್ಟು, ಬೆಳೆದದ್ದೆಷ್ಟು?" ಎಂದು. ಕಟ್ಟಿದ ಕೋಣೆ ಎಂದರೆ ಗಾರೆಯವರು ಇಟ್ಟಿಗೆ ಇಟ್ಟು ಕಟ್ಟಿದ್ದು. ಬೆಳೆದ ಕೋಣೆ ಎಂದರೆ, ಆ ಸೂರಿನ ಕೆಳಗೆ ಮಲಗುವ ಯಾರೋ ದೂರದಲ್ಲಿರುವ ಇನ್ಯಾರಿಗೋ ಹಂಬಲಿಸಿ, ಪಡಸಾಲೆಯ ಪಕ್ಕಕ್ಕೋ ಹಿತ್ತಿಲ ಕಡೆಗೋ ತಾನಾಗಿಯೇ ಬಂದದ್ದು. ಹಂಬಲ ಇರುವವರೆಗೂ ಕೋಣೆ ಇರುತ್ತದೆ. ಹೋದವರು ತಿರುಗಿ ಬಂದರೆ, ಇಲ್ಲವೇ ಹಂಬಲಿಸುವವರೇ ಮನೆ ಬಿಟ್ಟು ಹೋದರೆ, ಕೋಣೆಯೂ ಹೋಗುತ್ತದೆ. ಹೋಗುವಾಗ ಒಳಗೆ ಏನಿದೆ ಎಂದು ನೋಡುವುದಿಲ್ಲ. ಬಟ್ಟೆ ಹೊಲಿಯುವ ಪಂಕಜಕ್ಕನ ಗಂಡ ಹಡಗಿನ ಕೆಲಸ ಬಿಟ್ಟು ಮನೆಗೆ ಬಂದ ದಿನ ಅವಳ ಹಿಂಬದಿಯ ಕೋಣೆ ಹೊಲಿಗೆ ಮಿಷನ್ನು, ಮೂವರು ಮದುವಣಗಿತ್ತಿಯರ ರವಿಕೆ, ಒಂದು ಜಾಡಿ ಉಪ್ಪಿನಕಾಯಿ ಸಮೇತ ಮಾಯವಾಯಿತು. "ಮಿಷನ್ ಹೋದ್ರೆ ಹೋಯ್ತು ಬಿಡ್ರೇ!" ಎಂದು ಪಂಕಜಕ್ಕ ಬೀದಿಗೆಲ್ಲ ಸಕ್ಕರೆ ಹಂಚಿದಳು. ಮದುವಣಗಿತ್ತಿಯರ ತಾಯಂದಿರು ಹಂಚಲಿಲ್ಲ.

ನಮ್ಮ ಕಾಲೇಜಿನ ಹಾಸ್ಟೆಲ್ ವಾರ್ಡನ್ ಮೇಡಂ ಅಂತೂ ಜೂನ್ ತಿಂಗಳಿಗೆ ಕಾದಿರುತ್ತಾರೆ. ಹೊಸ ಹುಡುಗಿಯರು ಬಂದು, ಮನೆ ನೆನೆಸಿಕೊಂಡು ಅತ್ತೂ ಅತ್ತೂ, ಹಿಂದಿನ ಗೋಡೆಗೆ ಸಾಲಾಗಿ ಪುಟ್ಟ ಪುಟ್ಟ ಕೋಣೆಗಳು ಬರುತ್ತವೆ. ಮೇಡಂ ಆ ಕೋಣೆಗಳಿಗೂ ಹುಡುಗಿಯರನ್ನು ಸೇರಿಸಿಕೊಳ್ಳುತ್ತಾರೆ. ದಸರೆಯ ಹೊತ್ತಿಗೆ ಎಲ್ಲರಿಗೂ ಗೆಳತಿಯರು ಸಿಕ್ಕಿ, ಕೆಲವರಿಗೆ ಗೆಳೆಯರೂ ಸಿಕ್ಕಿ, ಕೋಣೆಗಳು ಒಂದೊಂದಾಗಿ ಹೋಗುತ್ತವೆ. ಆಗ ಮೇಡಂ ಊಟದ ಹೊತ್ತಿಗೆ ಬಂದು, "ಯಾಕ್ರೇ, ನಿಮ್ಮನೆಯಿಂದ ಫೋನ್ ಬಂತಾ? ಅಮ್ಮ ಏನ್ ಅಡುಗೆ ಮಾಡಿದ್ರಂತೆ?" ಎಂದು ಅಳಿಸಲು ನೋಡುತ್ತಾರೆ.

ನಾನು ಹಾಸ್ಟೆಲಿನವಳಲ್ಲ, ಊರಿನವಳೇ. ಹೆಸರು ಅಲಕಾ. ಅಪ್ಪ, ಅಪ್ಪನ ಅಕ್ಕ ಚೆನ್ನತ್ತೆ ಮತ್ತು ನಾನು ಬಾಡಿಗೆಯ ಮಾಳಿಗೆ ಮನೆಯಲ್ಲಿದ್ದೆವು. ಎಡಕ್ಕೆ ಅಕ್ಕಿ ಗೋದಾಮಿನ ಗೋಡೆ, ಬಲಕ್ಕೆ ಲಾಡ್ಜಿನ ಗೋಡೆ, ಮುಂದೆ ಬೀದಿ, ಹಿಂದೆ ಮೆಟ್ಟಿಲು. ಬೆಳೆಯಲು ಜಾಗವೇ ಇಲ್ಲ. ಇಂಥ ಇಕ್ಕಟ್ಟಿನ ಮನೆಗಳಲ್ಲಿ ಕೋಣೆಯ ಬದಲು ಗೋಡೆಯಲ್ಲಿ ಗೂಡು ಬರುತ್ತದೆ. ಚೆನ್ನತ್ತೆಯ ಗೂಡು ಒಂದು ಸುಣ್ಣದ ಡಬ್ಬಿ ಹಿಡಿಯುವಷ್ಟು, ತೀರಿಹೋದ ಮಾವನದು. "ಆ ಮನುಷ್ಯಂಗೆ ಇಷ್ಟು ಸಾಕು" ಎಂದು ಅವಳು ಅದರಲ್ಲಿ ಸುಣ್ಣದ ಡಬ್ಬಿಯನ್ನೇ ಇಟ್ಟಿದ್ದಳು. ನನ್ನ ಗೂಡು ಸ್ವಲ್ಪ ದೊಡ್ಡದು, ಸೋಪಿನ ಡಬ್ಬಿಯಷ್ಟು. ನನಗೆ ಎಂಟು ವರ್ಷವಾಗಿದ್ದಾಗ ಅಮ್ಮ ಮನೆ ಬಿಟ್ಟು ಹೋದಳಲ್ಲ, ಆ ವರ್ಷ ಬಂದದ್ದು. ಈಗ ನಾನು ಬಿ.ಎಸ್ಸಿ. ಎರಡನೇ ವರ್ಷ, ಗೂಡಿನಲ್ಲಿ ಫೋನಿನ ಚಾರ್ಜರ್ ಇಡುತ್ತಿದ್ದೆ.

ಅಪ್ಪನ ಗೂಡು ಇರಲಿಲ್ಲ. ಮನೆಯ ಗೋಡೆಗಳನ್ನು ಎಷ್ಟೋ ಸಲ ಸವರಿ ನೋಡಿದ್ದೇನೆ, ಕ್ಯಾಲೆಂಡರ್ ಎತ್ತಿ ನೋಡಿದ್ದೇನೆ, ಬೀರುವಿನ ಹಿಂದೆ ಫೋನಿನ ಟಾರ್ಚ್ ಬಿಟ್ಟು ನೋಡಿದ್ದೇನೆ. ಒಂದು ಬೆರಳು ತೂರುವಷ್ಟೂ ಇಲ್ಲ. ಶಾಲೆಯಲ್ಲಿದ್ದಾಗ ಹುಡುಗಿಯರು ಕೇಳುತ್ತಿದ್ದರು, "ನಿಮ್ಮಪ್ಪಂಗೆ ಎಷ್ಟು ದೊಡ್ದು ಬಂದಿದೆಯೇ?" ಎಂದು. ನಾನು "ಕಪಾಟಿನಷ್ಟು" ಎಂದು ಸುಳ್ಳು ಹೇಳುತ್ತಿದ್ದೆ.

ಅಪ್ಪ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಪರಮೇಶ್ವರಪ್ಪ. ಬಾಗಿಲಿಗಿಂತ ಎರಡು ಬೆರಳು ಕಡಿಮೆ ಎತ್ತರ, ಕೊರಳಲ್ಲಿ ಸೀಟಿ. ಶಾಲೆಯಲ್ಲಿ ಮಾತ್ರವಲ್ಲ, ಮನೆಯಲ್ಲೂ ಏಳಲು ಸೀಟಿ, ಊಟಕ್ಕೆ ಸೀಟಿ. ಅಮ್ಮ ಅವರ ಭುಜಕ್ಕೆ ಬರುವವಳು. ಕಿಟಕಿಯ ಕಟ್ಟೆಯ ಮೇಲೆ ಒಂದು ಮಂಡಿ ಮಡಚಿಕೊಂಡು, ಅಡ್ಡಡ್ಡ ಕೂತು, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಪೇಪರ್ ಓದುವವಳು. "ನೆಟ್ಟಗೆ ಕೂತ್ಕೋ" ಎಂದು ಅಪ್ಪ ದಿನವೂ ಹೇಳಿದರು. ಒಂದು ದಿನ ಅವಳು ನೆಟ್ಟಗೆ ಎದ್ದು ಹೋಗಿ ರೈಲು ಹತ್ತಿದಳು. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ನನ್ನನ್ನು ಕರೆಸಿಕೊಳ್ಳುವ ಮಾತಿತ್ತು, ಅಷ್ಟರಲ್ಲಿ ನಾನು ಅತ್ತೆಯ ಮಡಿಲಿಗೆ ಒಗ್ಗಿಹೋಗಿದ್ದೆ. ಬೇಸಿಗೆ ರಜೆಗೆ ಹೋಗಿ ಬರುತ್ತೇನೆ, ಭಾನುವಾರ ಅವಳೇ ಫೋನ್ ಮಾಡುತ್ತಾಳೆ. ಅವಳಿರುವ ಊರಿನಲ್ಲಿ ಮನೆಗಳು ಬೆಳೆಯುವುದಿಲ್ಲ. ಆದ್ದರಿಂದ ಅವಳ ಮನೆ ನೋಡಿ ಏನೂ ತಿಳಿಯುವುದಿಲ್ಲ.

ಅಪ್ಪ ಅವಳ ಹೆಸರನ್ನು ಆಮೇಲೆ ಒಮ್ಮೆಯೂ ಎತ್ತಲಿಲ್ಲ. ಅವರ ಜೀವನದಲ್ಲಿ ಬದಲಾದದ್ದು ಒಂದೇ, ತಾರಸಿಯ ಮೇಲೆ ಮಲಗಲು ಶುರು ಮಾಡಿದರು. "ಗಾಳಿ ಒಳ್ಳೇದು, ಶ್ವಾಸಕೋಶ ಬಲ ಆಗುತ್ತೆ" ಎನ್ನುತ್ತಿದ್ದರು. ಮಳೆಗಾಲದಲ್ಲೂ ಅಷ್ಟೇ, ನಾಲ್ಕು ಬಿದಿರಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಅಲ್ಲೇ. ಡ್ರಿಲ್ ಮೇಷ್ಟ್ರ ಹುಚ್ಚು ಎಂದು ಊರೆಲ್ಲ ನಕ್ಕಿತು, ನಾನೂ ನಕ್ಕೆ.

ಚೆನ್ನತ್ತೆಯ ಮಂಡಿಗೆ ಮೆಟ್ಟಿಲು ಹತ್ತಲು ಆಗದೆ ಹೋದಾಗ ಅಪ್ಪ ನೆಲದ ಮೇಲಿನ ಮನೆ ಹುಡುಕಿದರು. ಹತ್ತಿ ಮಿಲ್ಲಿನ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಕೊಟ್ರೇಶಿಯ ಹಳೇ ಮನೆ ಖಾಲಿ ಬಿದ್ದಿತ್ತು. ಮೂರು ಕೋಣೆ, ಉದ್ದನೆಯ ಪಡಸಾಲೆ, ಕೆಂಪು ನೆಲ, ಹಿತ್ತಿಲಲ್ಲಿ ಸೀಬೆ ಗಿಡ. ಮೊದಲ ಸಲ ಒಳಗೆ ಕಾಲಿಟ್ಟಾಗಲೇ ನನಗೆ ತಲೆ ತಿರುಗಿತು. ಸುತ್ತ ಎಷ್ಟು ಜಾಗ! ಇಲ್ಲಿಗೆ ಬಂದರೆ ನನ್ನ ಗೂಡು ಕೋಣೆಯೇ ಆಗುತ್ತದೆ, ಅಮ್ಮನದೊಂದು ಕೋಣೆ ಈ ಭೂಮಿಯ ಮೇಲೆ ಇರುತ್ತದೆ, ಬಾಗಿಲು ತೆಗೆದು ಒಳಗೆ ಹೋಗಬಹುದು, ಹಾಕಿಕೊಂಡು ಹೊರಗೆ ಬರಬಹುದು. ಯಾರಾದರೂ ಕೇಳಿದರೆ "ಅದು ನಮ್ಮಮ್ಮಂದು" ಎನ್ನಬಹುದು. ನನಗೆ ಬೇಕಾದದ್ದು ಇಷ್ಟೇ. ಖುಷಿಗೆ ನಲವತ್ತು ಫೋಟೋ ತೆಗೆದೆ, ಅದರಲ್ಲಿ ಹತ್ತು ಸೀಬೆ ಗಿಡದ್ದು.

ಅಪ್ಪ ಮುಂಗಡ ಕೊಟ್ಟು ಕೀಲಿಕೈ ತಂದರು. ತಂದವರೇ ಕಡ್ಡಿ ಮುರಿದಂತೆ ಹೇಳಿದರು, "ಸರ್ವೆ ಮಾಡಿಸ್ದೆ ನೋಂದಣಿ ಇಲ್ಲ. ಬೆಳೆದದ್ದು ಒಂದಿಂಚು ಸಿಕ್ಕಿದ್ರೂ ಮನೆ ಬೇಡ." ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಎಲೆಗೆ ಸುಣ್ಣ ಸವರುತ್ತ, "ಅವನಿಗೆ ಅದೊಂದು ಭಯ" ಎಂದಳು. ಏನು ಭಯ ಎಂದು ಕೇಳಿದರೆ ಎಲೆ ಬಾಯಿಗೆ ಹಾಕಿಕೊಂಡಳು. ಅತ್ತೆಯ ಬಾಯಲ್ಲಿ ಎಲೆ ಇದ್ದರೆ ಆ ವಿಷಯ ಮುಗಿಯಿತು ಎಂದು ಅರ್ಥ.

ಊರಿನ ಮನೆಗಳ ಸರ್ವೆ ಮಾಡಿ ಮೊಹರು ಹಾಕುವ ಗುಲ್ಜಾರ್‌ಬಿಯವರ ಸರದಿ ಸಿಗಲು ಮೂರು ವಾರ ಕಾಯಬೇಕಾಯಿತು. ಅಷ್ಟು ದಿನವೂ ಅಪ್ಪ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದೊಡನೆ ಸೈಕಲ್ ಹತ್ತಿ, "ಮೋರಿ ಕಟ್ಟಿದೆಯೇನೋ ನೋಡ್ಬೇಕು", "ಬಾವಿ ರಾಟೆಗೆ ಎಣ್ಣೆ ಬಿಡ್ಬೇಕು" ಎಂದು ಹೊಸ ಮನೆಗೆ ಹೋಗುತ್ತಿದ್ದರು. ಒಂದೊಂದು ದಿನ ಶರ್ಟಿನ ಬೆನ್ನಿನ ಮೇಲೆ ಕೆಂಪು ನೆಲದ ಬಣ್ಣ ಇರುತ್ತಿತ್ತು. ಮೋರಿ ನೋಡಲು ಬೆನ್ನ ಮೇಲೆ ಮಲಗುವುದು ಯಾಕೆ ಎಂದು ನನಗಾದರೂ ಹೊಳೆಯಬೇಕಿತ್ತು. ಆ ದಿನಗಳಲ್ಲಿ ನನ್ನ ತಲೆಯೆಲ್ಲ ಯಾವ ಬಣ್ಣದ ಪರದೆ ಎಂಬುದರಲ್ಲೇ ಇತ್ತು.

ಗುಲ್ಜಾರ್‌ಬಿಯವರು ಬಂದದ್ದು ಶನಿವಾರ ಬೆಳಿಗ್ಗೆ, ಆಟೋದಲ್ಲಿ. ದೊಡ್ಡ ಮೈಯಿ, ದೊಡ್ಡ ದನಿ, ಕಂಕುಳಲ್ಲಿ ಚೀಲ. ಇಳಿಯುವಾಗಲೇ ಬೈಗುಳ. "ಏನ್ ಬೀದಿನೋ ಇದು, ನನ್ ಸೊಂಟದ್ದೇ ಸರ್ವೆ ಆಗೋಯ್ತು." ನನ್ನನ್ನು ನೋಡಿ, "ನೀನಾ ಮರಿ ಮೇಷ್ಟ್ರ ಮಗಳು? ಚಾ ಇಟ್ಟಿದ್ಯಾ? ಚಾ ಇಲ್ದಿರೋ ಮನೆ ನಂಗೆ ಯಾವಾಗ್ಲೂ ಬಿರುಕಾಗೇ ಕಾಣ್ಸ್ತದೆ" ಎಂದರು. ನಾನು ಓಡಿಹೋಗಿ ಎದುರಿನ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ತಂದೆ. ಕೊಟ್ರೇಶಿಯೂ ಬಂದಿದ್ದ, ತಲೆಯಿಂದ ಕಾಲಿನವರೆಗೆ ಹಿಟ್ಟು ಹಿಟ್ಟು. ಅಪ್ಪ ಹೊರಗೇ ನಿಂತರು. "ನಾನು ಹಂಚು ನೋಡ್ತೀನಿ, ನೀವು ಒಳಗಿಂದು ಮುಗಿಸಿ" ಎಂದರು.

ಗುಲ್ಜಾರ್‌ಬಿ ಕೆಲಸಕ್ಕೆ ಇಳಿದರೆ ಬಾಯಿಯೂ ಕೈಯೂ ಒಟ್ಟಿಗೆ ಓಡುತ್ತವೆ. ತೊಲೆಗಳಿಗೆ ಸೂಜಿ ಚುಚ್ಚಿ ನೋಡಿದರು. ಗೋಡೆಗೆ ಕೆನ್ನೆ ಇಟ್ಟು ತೇವ ನೋಡಿದರು. ಬಚ್ಚಲಿಗೆ ಒಂದು ಕೊಡ ನೀರು ಸುರಿದು, ಮೋರಿಯ ಕೊನೆಯಲ್ಲಿ ನನ್ನನ್ನು ನಿಲ್ಲಿಸಿ, "ಬಂತಾ? ಬಂತಾ?" ಎಂದು ಕೂಗಿದರು. ಅಡುಗೆಮನೆಯ ಒಂದು ತೊಲೆ ಬದಲಾಯಿಸಬೇಕು, ಪಡಸಾಲೆಯ ಬಿರುಕು ಹಳೆಯದು, ಭಯವಿಲ್ಲ, ಬಾವಿಯ ಕಟ್ಟೆ ಬಿಗಿ. ಒಂದು ಕೋಣೆ, ಎರಡು ಕೋಣೆ, ಮೂರು ಕೋಣೆ. ಪ್ರತಿ ಕೋಣೆಯಲ್ಲೂ ಮೊಳೆ ಹೊಡೆದು ಕಿತ್ತರು. ತೂತು ತೂತಾಗಿಯೇ ಉಳಿಯಿತು. ಬೆಳೆದ ಗೋಡೆಯಾದರೆ ಮೊಳೆ ಕಿತ್ತೊಡನೆ ತೂತು ಮುಚ್ಚಿಕೊಳ್ಳುತ್ತದೆ. "ಮೂರೂ ಕಟ್ಟಿದ್ದೇ" ಎಂದರು. ನಾನು ಅತ್ತೆಯ ಕೈ ಹಿಂಡಿದೆ. ಮನೆ ನಮ್ಮದಾಯಿತು ಎಂದುಕೊಂಡೆ.

ಹಿತ್ತಿಲಿಗೆ ಹೋಗುವ ಬಾಗಿಲ ಹತ್ತಿರ ಗುಲ್ಜಾರ್‌ಬಿ ನಿಂತುಬಿಟ್ಟರು. "ಇದೇನು?" ಆ ಬಾಗಿಲಿನ ಪಕ್ಕದಲ್ಲಿ ಇನ್ನೊಂದು ಬಾಗಿಲಿತ್ತು. ಗಿಡ್ಡ ಬಾಗಿಲು. ನನ್ನ ನಲವತ್ತು ಫೋಟೋಗಳಲ್ಲಿ ಆ ಜಾಗದಲ್ಲಿ ಬರೀ ಸುಣ್ಣದ ಗೋಡೆ ಇತ್ತು. ಕೊಟ್ರೇಶಿಯ ಮುಖ ಅರಳಿತು. ಒಂದು ಕೋಣೆ ಜಾಸ್ತಿ ಎಂದರೆ ಅವನಿಗೆ ಕಹಿಯೇ? "ಅದಾ? ಅದು ನಮ್ ತಾತ ಕಟ್ಸಿದ್ದು ಬೀ. ಹೇಳಕ್ಕೆ ಮರ್ತಿದ್ದೆ." ಗುಲ್ಜಾರ್‌ಬಿ ಮೊಳೆ ಹೊಡೆದರು, ಕಿತ್ತರು. ತೂತು ಬಾಯಿ ಮುಚ್ಚಿದಂತೆ ಮುಚ್ಚಿಕೊಂಡಿತು. ಗೋಡೆಯನ್ನು ಉಗುರಿನಿಂದ ಕೆರೆದು ಮೂಸಿದರು. "ಹಸಿ ಹಸಿಯಾಗಿದೆ. ನಿಮ್ ತಾತ ನಿನ್ನೆ ಬಂದಿದ್ರಾ ಕಟ್ಸಕ್ಕೆ?"

ಗುಲ್ಜಾರ್‌ಬಿಗೆ ರೇಗಿತು. ಅವರು ಹಿಡಿದದ್ದು ಕೊಟ್ರೇಶಿಯನ್ನೇ. "ಖಾಲಿ ಮನೆ ಅಂದ್ಯಲ್ಲ, ಕದ್ದು ಬಂದು ಮಲಗ್ತೀಯಾ ಇಲ್ಲಿ? ಯಾರ್ ಮೇಲಪ್ಪಾ ಮನ್ಸು? ಗಿರಣಿಗೆ ಜೋಳ ತರ್ತಾಳಲ್ಲ ಅವ್ಳಾ?" ಕೊಟ್ರೇಶಿ ಎರಡೂ ಕೈ ಎತ್ತಿ, "ಮೆತ್ತಗೆ ಬೀ, ಮೆತ್ತಗೆ! ನಮ್ಮನೆಯವ್ಳ ಕಿವಿಗೆ ಬಿದ್ರೆ ನನ್ನೇ ಗಿರಣಿಗೆ ಹಾಕಿ ಬೀಸ್ತಾಳೆ. ನಮ್ಮಪ್ಪ ಸತ್ತಾಗ್ಲೂ ನಂಗೊಂದು ಗೂಡು ಬೆಳೀಲಿಲ್ಲ, ಬೇಕಾದ್ರೆ ನಮ್ ಬೀದಿಯವ್ರನ್ನ ಕೇಳಿ" ಎಂದ. "ಅದೇನ್ ಹೆಮ್ಮೆಯಾ?" ಎಂದಳು ಚೆನ್ನತ್ತೆ. "ಹೆಮ್ಮೆ ಅಲ್ಲ ಅಕ್ಕೋರೆ, ಸಾಕ್ಷಿ."

ಗುಲ್ಜಾರ್‌ಬಿ ಚೀಲದಿಂದ ತೂಗುಗುಂಡು ತೆಗೆದರು. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ಗುಂಡು. ಕಟ್ಟಿದ ಕೋಣೆಯಲ್ಲಿ ಅದು ನೆಟ್ಟಗೆ ನಿಲ್ಲುತ್ತದೆ. ಬೆಳೆದ ಕೋಣೆಯಲ್ಲಿ, ಯಾರು ಹಂಬಲಿಸಿ ಆ ಕೋಣೆ ಬಂತೋ ಅವರ ಕಡೆಗೆ ವಾಲುತ್ತದೆ. ಯಾರದು ಎಂದು ತಿಳಿದ ಮೇಲೆ ಅವರು ಆ ಕೋಣೆಯಲ್ಲಿ ನಿಂತು, ಯಾರಿಗಾಗಿ ಎಂದು ಬಾಯಿಬಿಟ್ಟು ಹೇಳಬೇಕು. ಹೆಸರು ಹೇಳದಿದ್ದರೆ ಸರ್ವೆಗೆ ಮೊಹರು ಬೀಳುವುದಿಲ್ಲ, ಮೊಹರು ಬೀಳದ ಮನೆ ಕೈ ಬದಲಾಗುವುದಿಲ್ಲ.

ಬಾಗಿಲು ಗಿಡ್ಡವಾದ್ದರಿಂದ ಗುಲ್ಜಾರ್‌ಬಿ, ಕೊಟ್ರೇಶಿ ಬಗ್ಗಿ ಹೋದರು. ನಾನು ತಲೆ ತಗ್ಗಿಸಿದೆ, ತಗ್ಗಿಸುವ ಅಗತ್ಯವೇ ಇರಲಿಲ್ಲ. ಒಳಗೆ ಏನೂ ಇರಲಿಲ್ಲ. ಎದುರಿಗೆ ಒಂದು ಕಿಟಕಿ, ಅದರಿಂದ ಬೆಳಗಿನ ಬಿಸಿಲು. ಕಿಟಕಿಗೆ ಒಂದು ಕಟ್ಟೆ. ನೆಟ್ಟಗೆ ಕೂರಲು ಆಗದಷ್ಟು ಕಿರಿದು; ಅಡ್ಡಡ್ಡ ಕೂತು, ಒಂದು ಮಂಡಿ ಮಡಚಿದರೆ ಸರಿಯಾಗುವಷ್ಟು ಉದ್ದ. ಅಮ್ಮ ಕೂರುತ್ತಿದ್ದದ್ದು ಹಾಗೇ. ನಾನು ಒಂದು ದಿನವೂ ಈ ಮನೆಯಲ್ಲಿ ಮಲಗಿಲ್ಲವಲ್ಲ, ಇದು ನನ್ನದು ಹೇಗಾಗುತ್ತದೆ?

ಗುಲ್ಜಾರ್‌ಬಿ ಸೂರಿನ ಮಧ್ಯದಿಂದ ಗುಂಡು ಇಳಿಬಿಟ್ಟರು. "ನಿಲ್ಲೋ ಕೊಟ್ರೇಶಿ." ಕೊಟ್ರೇಶಿ ಎಡಕ್ಕೆ ನಿಂತ. ಗುಂಡು ಅವನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅದು ವಾಲಿತ್ತು ನಿಜ, ಬಲಗಡೆಯ ಖಾಲಿ ಗೋಡೆಯ ಕಡೆಗೆ. "ಅತ್ಲಾಗ್ ಹೋಗು." ಹೋದ. ಗುಂಡು ಖಾಲಿ ಗೋಡೆಯನ್ನೇ ನೋಡುತ್ತಿತ್ತು. ಅತ್ತೆಯನ್ನು ನಿಲ್ಲಿಸಿದರು, ನನ್ನನ್ನು ನಿಲ್ಲಿಸಿದರು. ಇಲ್ಲ. "ಕೆಟ್ಟೋಯ್ತಾ ಇದು?" ಎಂದು ಗುಲ್ಜಾರ್‌ಬಿ ದಾರ ಅಲ್ಲಾಡಿಸಿದರು. ಕೊಟ್ರೇಶಿಗೆ ಧೈರ್ಯ ಬಂತು. "ನಿಮ್ ಗುಂಡಿಗೆ ವಯಸ್ಸಾಯ್ತು ಬೀ." "ನಿಂಗ್ ಆಗಿಲ್ವಾ?"

ಆಗ ನಾನು ಕಂಡೆ. ಗುಂಡು ಸರಿಯುತ್ತಿತ್ತು. ಬಲಗೋಡೆಯಿಂದ ಮೂಲೆಗೆ, ಮೂಲೆಯಿಂದ ಕಿಟಕಿಯ ಕಡೆಗೆ, ಬಹಳ ನಿಧಾನವಾಗಿ. ಹೊರಗೆ ಬೂಟಿನ ಸದ್ದು ಕೇಳಿಸುತ್ತಿತ್ತು. ಎಡ, ಬಲ, ಎಡ, ಬಲ. ಅಪ್ಪ ಹಂಚು ನೋಡುತ್ತ ಮನೆ ಸುತ್ತುತ್ತಿದ್ದರು. ಬೂಟು ನಿಂತರೆ ಗುಂಡು ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ಕಿಟಕಿಯಾಚೆ ಅಪ್ಪನ ತಲೆ ಹಾದುಹೋಯಿತು, ಮುಖ ಮೇಲಕ್ಕೆ, ಕಣ್ಣು ಹಂಚಿನ ಮೇಲೆ. ಗುಂಡು ಅವರ ಹಿಂದೆ ಹಿಂದೆ ಹೋಯಿತು. ಒಳಗೆ ನಾವು ನಾಲ್ಕು ಜನವೂ ಗುಂಡಿನ ಜೊತೆ ಕತ್ತು ತಿರುಗಿಸಿದೆವು. ಕೊಟ್ರೇಶಿ ಕೂಡ.

ಚೆನ್ನತ್ತೆ ಮಂಡಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. "ಹನ್ನೊಂದು ವರ್ಷ" ಎಂದಳು. "ಹನ್ನೊಂದು ವರ್ಷ ಆ ಮನೆ ಸೂರಿನ ಕೆಳಗೆ ಒಂದು ರಾತ್ರಿ ಕಣ್ ಮುಚ್ಲಿಲ್ಲ ಅವ್ನು. ಮಳೇಲಿ ನೆನೀತಾ ಮಲಗ್ದ. ಯಾಕೋ ಪರಮೇಶಿ, ಒಳಗ್ ಬಾರೋ ಅಂದ್ರೆ, ಬೇಡಕ್ಕಾ, ಒಳಗ್ ಮಲಗಿದ್ರೆ ಮಗು ಎದುರ್ಗೆ ಗೋಡೆ ಮಾತಾಡುತ್ತೆ ಅಂದ." ನಾನು ಸವರಿ ನೋಡಿದ ಗೋಡೆಗಳೆಲ್ಲ ಕಣ್ಣ ಮುಂದೆ ಬಂದವು, ಅವುಗಳ ಮೇಲಿದ್ದ ತಾರಸಿಯೂ, ನಾಲ್ಕು ಬಿದಿರಿನ ಮೇಲಿನ ಪ್ಲಾಸ್ಟಿಕ್ ಹಾಳೆಯೂ. ನೆತ್ತಿಯ ಮೇಲೆಯೇ ಇತ್ತು, ನಾನು ಬೀರುವಿನ ಹಿಂದೆ ಹುಡುಕುತ್ತಿದ್ದೆ.

"ಆಯ್ತಾ?" ಎನ್ನುತ್ತ ಅಪ್ಪ ಒಳಗೆ ಬಂದರು. ಗಿಡ್ಡ ಬಾಗಿಲು ಅವರಿಗೆ ಕಾಣಲಿಲ್ಲ. ಹಣೆ ಧಡ್ ಎಂದು ಬಡಿಯಿತು. ಹಣೆ ಹಿಡಿದುಕೊಂಡೇ ಬಗ್ಗಿ ಒಳಗೆ ಬಂದರು. ಗುಂಡು ದಾರ ಎಳೆದುಕೊಂಡು ಅವರ ಎದೆಯ ಕಡೆಗೆ ನುಗ್ಗಿ ನಿಂತಿತು. ಅವರು ಗುಂಡು ನೋಡಿದರು, ಕಿಟಕಿ ನೋಡಿದರು, ಆ ಕಟ್ಟೆ ನೋಡಿದರು. ಮಧ್ಯಾಹ್ನ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಏನಾಗುತ್ತದೆ ಎಂದುಕೊಂಡಿದ್ದರೋ ಏನೋ. ಮುಖ ಸಣ್ಣದಾಯಿತು. "ಈ ಮನೆ ಬೇಡ" ಎಂದರು. "ಕೊಟ್ರೇಶಿ, ಮುಂಗಡ ನೀನೇ ಇಟ್ಕೋ. ಅಲಕಾ, ನಡಿ."

"ನಾನು ಬರಲ್ಲ" ಎಂದೆ. ಅಪ್ಪನಿಗೆ ಹಾಗೆ ಹೇಳಿದ್ದು ಅದೇ ಮೊದಲು. ದನಿ ಕೀರಲಾಗಿ ಬಂತು, ಅದಕ್ಕೆ ನನಗೇ ನಗುವೂ ಬಂತು, ನಗುವಿನ ಜೊತೆ ಕಣ್ಣೀರೂ ಬಂತು. "ನಂಗ್ ಈ ಕೋಣೆ ಬೇಕು." "ಬೇರೆ ಮನೆ ನೋಡೋಣ ಪುಟ್ಟಿ." ಗುಲ್ಜಾರ್‌ಬಿ ನಡುವೆ ಬಂದರು. ಅವರ ದೊಡ್ಡ ದನಿ ಎಲ್ಲಿಯೋ ಹೋಗಿತ್ತು. "ಮೇಷ್ಟ್ರೇ, ಬೇರೆ ಮನೆಗ್ ಹೋದ್ರೆ ಅಲ್ಲೂ ಬರ್ತದೆ. ಅದ್ರ ಪಕ್ಕದ್ದಕ್ಕೆ ಹೋದ್ರೆ ಅಲ್ಲೂ ಬರ್ತದೆ. ಎಷ್ಟ್ ದಿನ ಆಕಾಶದ್ ಕೆಳಗೆ ಮಲಗ್ತೀರಿ? ಮನೆ ಚೆನ್ನಾಗಿದೆ. ಒಂದೇ ಒಂದ್ ತೊಲೆ ಬದಲಾಯ್ಸಿ ಸಾಕು. ಹೆಸ್ರು ಹೇಳಿ, ಮೊಹರು ಹಾಕ್ತೀನಿ. ಹೇಳಲ್ಲ ಅಂದ್ರೆ ನಿಮ್ ಚಾಗೆ ಥ್ಯಾಂಕ್ಸು, ನಾನ್ ಹೊರಡ್ತೀನಿ."

ಅಪ್ಪ ನನ್ನನ್ನು ನೋಡಿದರು. ನಾನು ಕಟ್ಟೆಯ ಪಕ್ಕ ನಿಂತಿದ್ದೆ, ಅದರ ಮೇಲೆ ಕೂರಲು ಮನಸ್ಸಾಗಿರಲಿಲ್ಲ, ಅದು ಆಗಲೇ ಯಾರೋ ಕೂತಿರುವ ಜಾಗದ ಹಾಗಿತ್ತು. ಆ ಸೂರಿನ ಕೆಳಗೆ ಅಪ್ಪನಿಗೆ ಪೂರ್ತಿ ನೆಟ್ಟಗಾಗಲು ಆಗುತ್ತಿರಲಿಲ್ಲ. ಆದರೂ ಹಿಮ್ಮಡಿ ಜೋಡಿಸಿದರು, ಕೈ ಪಕ್ಕಕ್ಕೆ ಇಳಿಬಿಟ್ಟರು, ಕತ್ತು ಮಾತ್ರ ಬಗ್ಗಿಸಿಕೊಂಡು, ಬೆಳಿಗ್ಗೆ ಮೈದಾನದಲ್ಲಿ ಹಾಜರಿ ಕೂಗುವ ದನಿಯಲ್ಲಿ ಹೇಳಿದರು.

"ಕುಮುದಾ."

ಹೇಳಿ ನಿಂತರು. ಅಷ್ಟು ವರ್ಷ ಹಾಜರಿ ಕೂಗಿದ ಅಭ್ಯಾಸ. ಹೆಸರು ಕೂಗಿದ ಮೇಲೆ ಒಂದು ಗಳಿಗೆ ಕಾಯುತ್ತಾರೆ, ಮೈದಾನದ ಯಾವುದೋ ಮೂಲೆಯಿಂದ "ಬಂದಿದ್ದೀನಿ ಸಾರ್" ಎಂದು ಕೇಳುವವರೆಗೆ. ಕಿವಿ ಸ್ವಲ್ಪ ಓರೆ ಮಾಡಿಕೊಂಡು ಹಾಗೇ ಕಾದರು. ಹಿತ್ತಿಲಲ್ಲಿ ಸೀಬೆ ಗಿಡದ ಎಲೆ ಅಲ್ಲಾಡಿತು. ಗುಲ್ಜಾರ್‌ಬಿ ಮೊಹರನ್ನು ಬಾಯಿಂದ ಊದಿ, ಸದ್ದಾಗದಂತೆ ಒತ್ತಿದರು.

ಮುಂದಿನ ತಿಂಗಳು ನಾವು ಆ ಮನೆಗೆ ಬಂದೆವು. ಕೊಟ್ರೇಶಿ ಗೃಹಪ್ರವೇಶಕ್ಕೆ ಹತ್ತು ಕಿಲೋ ಗೋಧಿ ಹಿಟ್ಟು ಕಳಿಸಿದ, ಜೊತೆಗೆ ಅವನ ಹೆಂಡತಿಯೂ ಬಂದು, ಕೋಣೆ ತನ್ನ ಗಂಡನದಲ್ಲ ಎಂದು ಗೋಡೆ ಮುಟ್ಟಿ ಖಾತ್ರಿ ಮಾಡಿಕೊಂಡು ಹೋದಳು. ಅಪ್ಪ ಈಗ ಪಡಸಾಲೆಯಲ್ಲಿ ಮಲಗುತ್ತಾರೆ. ಗೊರಕೆ ಹೊಡೆಯುತ್ತಾರೆ ಎಂಬುದೇ ನನಗೆ ತಿಳಿದಿರಲಿಲ್ಲ. ನನಗೆ ಬೇರೆ ಕೋಣೆ ಬರುತ್ತದೆ ಎಂದು ಕಾದೆ, ಬರಲಿಲ್ಲ. ಒಂದು ಬೆಳಿಗ್ಗೆ ಅಪ್ಪನ ಕೋಣೆಯ ಗೋಡೆಯಲ್ಲೇ, ಕಿಟಕಿಯ ಪಕ್ಕದಲ್ಲಿ, ಒಂದು ಗೂಡು ಮೂಡಿತ್ತು. ಸೋಪಿನ ಡಬ್ಬಿಯಷ್ಟು. ನನ್ನ ಹಳೆಯ ಚಾರ್ಜರ್ ಅದರಲ್ಲಿ ಸರಿಯಾಗಿ ಕೂತಿತು.

ಭಾನುವಾರ ಅಮ್ಮ ಫೋನ್ ಮಾಡಿದಳು. ಹೊಸ ಮನೆ ಹೇಗಿದೆ, ಅತ್ತೆಯ ಮಂಡಿ ಹೇಗಿದೆ ಎಂದು ಕೇಳಿದಳು. "ಸರ್ವೆ ಏನಂತು?" ಎಂದಳು, ಅವಳೂ ಈ ಊರಿನವಳೇ ಅಲ್ಲವೇ. ನಾನು ಪಾಠ ಒಪ್ಪಿಸಿದ ಹಾಗೆ ಹೇಳಿದೆ, "ತೊಲೆ ಒಂದು ಬದಲಾಯಿಸ್ಬೇಕು. ಬಾವಿ ಕಟ್ಟೆ ಬಿಗಿ. ಕಟ್ಟಿದ್ದು ಮೂರು, ಬೆಳೆದದ್ದು ಒಂದು." "ಒಂದಾ? ಯಾರ್ದೇ? ಅತ್ತೆದಾ?" "ಅಪ್ಪಂದು." ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅವಳು ಒಲೆ ಆರಿಸಲಿಲ್ಲ. ಅದು ಕೂಗಿತು, ಮತ್ತೆ ಕೂಗಿತು. "ಹೆಸ್ರು ಹೇಳಿದ್ರಾ?" ಎಂದಳು. "ಹೂಂ. ಹಾಜರಿ ಕೂಗ್ದಂಗೆ." ಅವಳು ನಕ್ಕಳು ಎಂದುಕೊಂಡೆ, ನಗುವಿನ ಕೊನೆ ಸರಿ ಇರಲಿಲ್ಲ. ಕುಕ್ಕರ್ ಇಳಿಸಿ ಬಂದು, "ಕಿಟಕಿ ಯಾವ ಕಡ್ಗಿದೆ?" ಎಂದು ಕೇಳಿದಳು. "ಬೆಳಗಿನ ಬಿಸಿಲ ಕಡೆಗೆ. ಬಾಗ್ಲು ಮಾತ್ರ ಗಿಡ್ಡ ಅಮ್ಮ. ನಿನ್ ತಲೆ ತಾಗಲ್ಲ, ಅಪ್ಪಂದು ದಿನಾ ತಾಗುತ್ತೆ." "ಬಗ್ಗಿ ಹೋಗಕ್ಕೆ ಹೇಳು" ಎಂದಳು ಅಮ್ಮ. ಆಮೇಲೆ ಸಣ್ಣ ದನಿಯಲ್ಲಿ, "ತಲೆ ಜೋಪಾನ ಅಂದೆ ಅಂತ ಹೇಳು." ಫೋನ್ ಇಟ್ಟಳು.

ಊಟಕ್ಕೆ ಕೂತಾಗ ಹೇಳಿದೆ. ಅಪ್ಪ ಅನ್ನ ಕಲಸುತ್ತಿದ್ದರು. ಕಲಸುತ್ತಲೇ ಇದ್ದರು. "ಹಾಗಂದ್ಲಾ" ಎಂದರು. ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು. ಅವತ್ತಿನಿಂದ ಅವರು ಆ ಬಾಗಿಲಿಗೆ ತಲೆ ಬಡಿಸಿಕೊಂಡದ್ದನ್ನು ನಾನು ನೋಡಿಲ್ಲ.

ಇದು ನಿನ್ನೆ ನಡೆದದ್ದು. ಚೆನ್ನತ್ತೆಗೆ ವರ್ಷದ ಅಕ್ಕಿ ಬಂತು, ದೊಡ್ಡ ಡ್ರಮ್ಮು ಇಡಲು ಜಾಗ ಬೇಕಿತ್ತು. "ಆ ಕೋಣೆ ಸುಮ್ನೆ ಖಾಲಿ ಬಿದ್ದಿದೆ, ಅಲ್ಲಿಡು" ಎಂದು ನನಗೆ ಹೇಳಿದಳು. ನಾನು ಡ್ರಮ್ಮು ಉರುಳಿಸಿಕೊಂಡು ಹೊರಟೆ. ಅಪ್ಪ ಬಾಗಿಲಿಗೆ ಅಡ್ಡ ನಿಂತರು. "ಅಲ್ಲಿ ಬೇಡ." "ಯಾಕೋ? ಇಲಿ ಕಾಟ ಇಲ್ಲ, ತೇವ ಇಲ್ಲ" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದಳು. ಅಪ್ಪ ಕೋಣೆಯ ಒಳಗೆ ನೋಡಿದರು. ಬಿಸಿಲು ಕಟ್ಟೆಯ ಮೇಲೆ ಇತ್ತು. ಒಂದು ಚಾಪೆಯಿಲ್ಲ, ಒಂದು ಮಣೆಯಿಲ್ಲ. ಅವರೇ ದಿನವೂ ಗುಡಿಸಿ ಹಾಗೆ ಖಾಲಿ ಇಟ್ಟಿದ್ದರು. "ಖಾಲಿನೇ ಇರ್ಲಿ ಅಕ್ಕ" ಎಂದರು. "ಬೆಳೆದ ಕೋಣೆ. ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ."

ಊರಿನಲ್ಲಿ ಈ ಮಾತನ್ನು ಎಲ್ಲರೂ ಹೇಳುತ್ತಾರೆ, ಹೆದರಿಕೊಂಡು ಹೇಳುತ್ತಾರೆ. ಅಪ್ಪ ಹೇಳಿದ್ದು ಹಾಗಿರಲಿಲ್ಲ. ಹಬ್ಬದ ಹಿಂದಿನ ದಿನ ರಸ್ತೆಯ ಕಡೆ ನೋಡುತ್ತ ಯಾವ ಬಸ್ಸಿಗೆ ಬರುತ್ತಾರೋ ಏನೋ ಎನ್ನುತ್ತಾರಲ್ಲ, ಹಾಗಿತ್ತು. ನಾನು ಡ್ರಮ್ಮನ್ನು ತಿರುಗಿ ಪಡಸಾಲೆಗೆ ಉರುಳಿಸಿದೆ. ಆಮೇಲೆ ಒಳಗೆ ಹೋಗಿ, ಗೂಡಿನಲ್ಲಿದ್ದ ಚಾರ್ಜರನ್ನು ತೆಗೆದುಕೊಂಡು ಬಂದೆ.